ತಮ್ಮನಿಗೆ ಡಿಜಿಟಲ್ ಆರ್ಟ್ಸ್‌ನಲ್ಲಿ ಎರಡು ವರ್ಷದ ಡಿಗ್ರಿ: ಯಾವ ಕಾಲೇಜು ನೋಡಲಿ?

ಬಳ್ಳಾರಿ ಫ್ಲೆಕ್ಸ್ ಅಂಗಡಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನನ್ನದೊಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇದೆ. ತಮ್ಮ ಕೊಪ್ಪಳದಲ್ಲಿ ಅಜ್ಜಿ ಮನೆಯಲ್ಲಿದ್ದು ಬಿಎ ಮುಗಿಸಿದ. ಓದಿನಲ್ಲಿ ಸಾಧಾರಣ. ಚಿತ್ರ ಮಾತ್ರ ಕೈಗೆ ಬಂದಿದೆ. ಹೈಸ್ಕೂಲಿನಲ್ಲಿದ್ದಾಗಲೇ ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸು. ಈಗ ಅಂಗಡಿಗೆ ಬಂದು ಕೋರಲ್‌ಡ್ರಾ ಮುಂದೆ ಕೂತರೆ ಊಟಕ್ಕೂ ಏಳುವುದಿಲ್ಲ.

ಡಿಜಿಟಲ್ ಆರ್ಟ್ಸ್‌ನಲ್ಲಿ ಎರಡು ವರ್ಷದ ಡಿಗ್ರಿ ಮಾಡಿಸೋಣ ಅಂತಿದ್ದೇನೆ. ಬೆಂಗಳೂರಿನ ಒಂದು ಸಂಸ್ಥೆಗೆ ಫೋನ್ ನಂಬರ್ ಕೊಟ್ಟೆ, ಅಲ್ಲಿಂದ ದಿನಕ್ಕೆ ಮೂರು ಸಲ ಕರೆ. ಎರಡು ವರ್ಷಕ್ಕೆ ನಾಲ್ಕೂವರೆ ಲಕ್ಷ. ಕೆಲಸ ಗ್ಯಾರಂಟಿ. ಈ ವಾರ ಕಟ್ಟಿದರೆ ಐವತ್ತು ಸಾವಿರ ಬಿಡುತ್ತಾರಂತೆ. ಆಷಾಢದ ಸೀರೆ ಸೇಲ್ ತರ ಇದೆ, ಅದಕ್ಕೇ ಅನುಮಾನ.

ನಮ್ಮ ಅಪ್ಪ ಬೋರ್ಡ್ ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಬ್ರಷ್ ಕೆಳಗಿಟ್ಟರು. ನಾನು ಅದೇ ಫ್ಲೆಕ್ಸ್ ಮಿಷನ್ ತಂದು ಹೊಟ್ಟೆ ಹೊರೆಯುತ್ತಿದ್ದೇನೆ. ತಮ್ಮನಾದರೂ ಸರಿಯಾಗಿ ಕಲಿಯಲಿ ಅಂತ ಆಸೆ. ನಾಲ್ಕು ಲಕ್ಷದವರೆಗೆ ಹೇಗೋ ಹೊಂದಿಸಬಹುದು. ತಿಳಿದವರು ಹೇಳಿ.

ಸಿಂಧನೂರು ರೋಟೋ

ಅಣ್ಣ, ಮೊದಲು ಒಂದು ಮಾತು ಕೇಳಿ. ಅವರು ಕೊಡೋದು ಡಿಗ್ರಿನಾ, ಡಿಪ್ಲೊಮಾನಾ, ಬರೀ ಸರ್ಟಿಫಿಕೇಟಾ? ಡಿಗ್ರಿ ಆದರೆ ಯಾವ ವಿಶ್ವವಿದ್ಯಾಲಯದ್ದು?

ಬಾಯಿ ಮಾತು ಬೇಡ, ಬರೆದು ಕಳಿಸಲಿ. ಮೂರು ಸಲ ಕರೆ ಮಾಡುವವರು ನಾಲ್ಕನೇ ಸಲ ಮಾಡುವುದಿಲ್ಲ, ನೋಡಿ.

ಮಾನ್ವಿ ಅಕ್ಕ

ಈ ತಮ್ಮ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಮಗಳಿಗೆ ಆಗಿದ್ದನ್ನು ಹೇಳುತ್ತೇನೆ, ಸಂಸ್ಥೆಯ ಹೆಸರು ಬೇಡ.

ಪಿಯುಸಿ ಆದ ಮೇಲೆ ಆನಿಮೇಷನ್ ಡಿಗ್ರಿ ಅಂತ ಸೇರಿಸಿದೆವು. ಕಾಲೇಜು ಅಂದರೆ ಬೇಕರಿ ಮೇಲಿನ ಎರಡು ರೂಮು. ಡಿಗ್ರಿ ಎಲ್ಲೋ ದೂರದ ರಾಜ್ಯದ ವಿಶ್ವವಿದ್ಯಾಲಯದ್ದು. ಪರೀಕ್ಷೆ ದೂರಶಿಕ್ಷಣದಲ್ಲಿ, ಕಲಿಕೆ ಇಲ್ಲಿ ಅಂದರು. ನಮಗೇನು ಗೊತ್ತು? ಒಂದೂವರೆ ವರ್ಷ ಆದ ಮೇಲೆ ಮಗಳೇ ಹುಡುಕಿ ಹೇಳಿದಳು. ದೂರಶಿಕ್ಷಣದಲ್ಲಿ ನಡೆಸಬಾರದ ವಿಷಯಗಳ ಪಟ್ಟಿಯನ್ನೇ ಯುಜಿಸಿ (ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಕೇಂದ್ರದ ಆಯೋಗ) ಇಟ್ಟಿದೆಯಂತೆ, ಅದರಲ್ಲಿ ದೃಶ್ಯಕಲೆ, ಅಪ್ಲೈಡ್ ಆರ್ಟ್ಸ್ ಎರಡೂ ಇವೆಯಂತೆ.

ಬಿಡಿಸಲು ಹೋದರೆ ಮಾರ್ಕ್ಸ್ ಕಾರ್ಡ್ ವಾಪಸ್ ಕೊಡಲಿಲ್ಲ. ಪೂರ್ತಿ ಫೀಸ್ ಕಟ್ಟಿ ಅಂದರು. ನಮ್ಮವರು ಎರಡು ಸಲ ಬೆಂಗಳೂರಿಗೆ ಓಡಾಡಿದರು. ಕೊನೆಗೆ ವಕೀಲರೊಬ್ಬರು ಒಂದು ಪತ್ರ ಬರೆದುಕೊಟ್ಟರು. ಮೂಲ ಪ್ರಮಾಣಪತ್ರ ಇಟ್ಟುಕೊಳ್ಳುವ ಹಾಗಿಲ್ಲ ಅಂತ 2018ರಲ್ಲೇ ಯುಜಿಸಿ ಆದೇಶ ಮಾಡಿದೆ ಅಂತ ಅದರಲ್ಲಿತ್ತು. ಮರುದಿನವೇ ಕಾರ್ಡ್ ಕೈಗೆ ಬಂತು. ದುಡ್ಡು ಬರಲಿಲ್ಲ.

ಒರಿಜಿನಲ್ ಯಾರ ಕೈಗೂ ಕೊಡಬೇಡಿ ಅಣ್ಣ. ತೋರಿಸಿ, ಜೆರಾಕ್ಸ್ ಕೊಡಿ, ವಾಪಸ್ ಚೀಲಕ್ಕೆ ಹಾಕಿಕೊಳ್ಳಿ.

ಕೊಪ್ಪಳ ಡ್ರಾಯಿಂಗ್ ಮೇಷ್ಟ್ರು

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವನು. ಲೋಯರ್, ಹೈಯರ್ ಬರೆದ ಹುಡುಗ ಅಂದರೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ.

ನೋಡಪ್ಪಾ, ‘ಎರಡು ವರ್ಷದ ಡಿಗ್ರಿ’ ಅನ್ನುವ ಮಾತಿನಲ್ಲೇ ಗೊಂದಲ ಇದೆ. ನೆಟ್ಟಿನಲ್ಲಿ ಹುಡುಕಿದರೆ ಅಮೆರಿಕದ್ದು ಬರುತ್ತದೆ. ಅಲ್ಲಿ ಹನ್ನೆರಡನೇ ತರಗತಿ ಆದ ಮೇಲೆ ಎರಡು ವರ್ಷ ಓದಿದರೆ ಅಸೋಸಿಯೇಟ್ ಡಿಗ್ರಿ ಅಂತ ಕೊಡುತ್ತಾರೆ. ನಮ್ಮಲ್ಲಿ ಅಂಥದ್ದು ಇಲ್ಲ. ನಮ್ಮಲ್ಲಿ ಎರಡು ವರ್ಷದ್ದು ಅಂದರೆ ಸ್ನಾತಕೋತ್ತರ: ಎಂವಿಎ (ದೃಶ್ಯಕಲೆ), ಎಂಎಫ್‌ಎ (ಲಲಿತಕಲೆ), ಎಂ.ಡೆಸ್ (ಡಿಸೈನ್), ಇಲ್ಲವೇ ಎಂಎ, ಎಂಎಸ್ಸಿಯಲ್ಲಿ ಆನಿಮೇಷನ್, ಮಲ್ಟಿಮೀಡಿಯಾ. ಬಿ.ವೋಕ್ ಅಂತ ಇನ್ನೊಂದಿದೆ, ವೃತ್ತಿ ಕಲಿಸುವ ಪದವಿ. ಎರಡು ವರ್ಷಕ್ಕೆ ಬಿಟ್ಟರೆ ಅಡ್ವಾನ್ಸ್ಡ್ ಡಿಪ್ಲೊಮಾ, ಮೂರು ವರ್ಷ ಓದಿದರೇ ಡಿಗ್ರಿ.

ನಿನ್ನ ತಮ್ಮನ ತೊಡಕು ಬೇರೆ. ಎಂವಿಎ ಅಥವಾ ಎಂಎಫ್‌ಎಗೆ ಸಾಮಾನ್ಯವಾಗಿ ಅದೇ ವಿಷಯದ ಪದವಿ, ಅಂದರೆ ಬಿವಿಎ ಅಥವಾ ಬಿಎಫ್‌ಎ ಓದಿರಬೇಕು. ಅದು ನಾಲ್ಕು ವರ್ಷದ ಪದವಿ. ಬರೀ ಬಿಎ ಇಟ್ಟುಕೊಂಡು ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಗಂಗಾವತಿ ಪೆನ್ಸಿಲ್

ಮೇಷ್ಟ್ರೇ, ಎಂ.ಡೆಸ್ ಸೇರಲು ಬರೆಯುವ ಸೀಡ್ (CEED) ಪರೀಕ್ಷೆ ಬಿಟ್ಟಿರಲ್ಲ! ಐಐಟಿ ಬಾಂಬೆ ನಡೆಸುತ್ತದೆ. ಅಲ್ಲಿನ ಡಿಸೈನ್ ವಿಭಾಗ ಐಡಿಸಿಯಲ್ಲಿ ಆನಿಮೇಷನ್, ಕಮ್ಯುನಿಕೇಷನ್ ಡಿಸೈನ್, ಇಂಟರ್‌ಆಕ್ಷನ್ ಡಿಸೈನ್ ಎಲ್ಲದರಲ್ಲೂ ಎಂ.ಡೆಸ್ ಇದೆ, ಎರಡು ವರ್ಷ. ಪಿಯುಸಿ ಆದ ಮೇಲೆ ಮೂರು ವರ್ಷದ ಡಿಗ್ರಿ ಇದ್ದರೆ ಸೀಡ್ ಬರೆಯಬಹುದು. ವಯಸ್ಸಿನ ಮಿತಿ ಇಲ್ಲ. ಪರೀಕ್ಷೆ ಜನವರಿಯಲ್ಲಿ. ಮೊದಲ ಭಾಗ ಕಂಪ್ಯೂಟರ್ ಮೇಲೆ, ಎರಡನೇ ಭಾಗ ಕಾಗದದ ಮೇಲೆ ಕೈಯಲ್ಲೇ ಚಿತ್ರ ಬರೆಯಬೇಕು.

ನಾನು ಒಂದು ಸಲ ಬರೆದೆ, ಆಗಲಿಲ್ಲ. ಮತ್ತೆ ಬರೆಯುತ್ತೇನೆ. ನಮ್ಮ ಕಡೆ ಹುಡುಗರಿಗೆ ಇಂಥದ್ದೊಂದು ಪರೀಕ್ಷೆ ಇದೆ ಅನ್ನೋದೇ ಗೊತ್ತಿಲ್ಲ. ಎಲ್ಲರೂ ಸಿಇಟಿ, ನೀಟ್ ಅಷ್ಟೇ.

ರಾಯಚೂರು ಬಿಸಿಲು

ಗಂಗಾವತಿಯವರೇ, ಅರ್ಧ ಹೇಳಿದ್ರಿ. ಸೀಡ್ ಬರೆಯಲು ಮೂರು ವರ್ಷದ ಡಿಗ್ರಿ ಸಾಕು, ಸರಿ. ಆದರೆ ಸೀಟು ಕೊಡುವ ಸಂಸ್ಥೆಗೆ ಅದರದ್ದೇ ನಿಯಮ ಇರುತ್ತದೆ. ಐಡಿಸಿಯವರು ಬಿಇ, ಆರ್ಕಿಟೆಕ್ಚರ್, ಡಿಸೈನ್ ಅಥವಾ ನಾಲ್ಕು ವರ್ಷದ ಬಿಎಫ್‌ಎ ಥರದ್ದು ಕೇಳುತ್ತಾರೆ. ಮೂರು ವರ್ಷದ ಬಿಎ ಆದವರು ಎಂಎ ಕೂಡ ಮುಗಿಸಿರಬೇಕು. ನನ್ನ ಗೆಳೆಯ ಇದನ್ನು ಗಮನಿಸದೆ ಆರು ತಿಂಗಳು ತಯಾರಿ ಮಾಡಿ, ಆಮೇಲೆ ತಲೆ ಮೇಲೆ ಕೈ ಇಟ್ಟುಕೊಂಡ. ಬೇರೆ ಐಐಟಿಗಳ ನಿಯಮ ಬೇರೆ ಇರಬಹುದು. ಒಂದೊಂದಾಗಿ ಓದಿ ನೋಡಬೇಕು.

ನಮ್ಮ ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಅಲ್ಲಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂಎಫ್‌ಎ ಇದೆ, ಕೇಂದ್ರದ್ದಾದ್ದರಿಂದ ಹೊರ ರಾಜ್ಯದವರು ಅಂತ ತಳ್ಳುವುದಿಲ್ಲ. ಆದರೆ ಬಿಎಗೆ ಅದೂ ಕಷ್ಟವೇ.

ಬಳ್ಳಾರಿ ಫ್ಲೆಕ್ಸ್ ಅಂಗಡಿ

ಅಯ್ಯೋ, ಒಂದು ಕೇಳಿದರೆ ಹತ್ತು ಬಾಗಿಲು ಮುಚ್ಚಿತಲ್ಲ! ಬೆಂಗಳೂರಿನವರಿಗೆ ಬರೆದು ಕಳಿಸಿ ಅಂದೆ. ಎರಡು ದಿನದಿಂದ ಫೋನ್ ಇಲ್ಲ. ಸಿಂಧನೂರು ತಮ್ಮನ ಬಾಯಿಗೆ ಸಕ್ಕರೆ ಹಾಕಬೇಕು.

ಹಾಗಾದರೆ ಬಿಎ ಆದವನಿಗೆ ಎರಡು ವರ್ಷದ್ದು ಏನೂ ಇಲ್ವಾ?

ಸಿಂಧನೂರು ರೋಟೋ

ಇದೆ ಅಣ್ಣ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಆನಿಮೇಷನ್, ವಿಎಫ್‌ಎಕ್ಸ್ (ಸಿನಿಮಾಕ್ಕೆ ಕಂಪ್ಯೂಟರಿನಲ್ಲಿ ದೃಶ್ಯ ಸೇರಿಸುವ ಕೆಲಸ) ಎಂಎ, ಎಂಎಸ್ಸಿ ಇರುತ್ತವೆ. ಯಾವ ಡಿಗ್ರಿ ಇದ್ದರೂ ತೆಗೆದುಕೊಳ್ಳುತ್ತಾರೆ. ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಬ್ರೋಷರ್ ನೋಡಿದರೆ ಎರಡೂ ಒಂದೇ ತರ ಕಾಣುತ್ತವೆ. ಎಲ್ಲದರ ಮುಖಪುಟದಲ್ಲೂ ಹೆಡ್‌ಫೋನ್ ಹಾಕಿಕೊಂಡ ಅದೇ ಹುಡುಗಿ.

ನಾನು ಐದು ವರ್ಷದಿಂದ ಬೆಂಗಳೂರಲ್ಲಿ ವಿಎಫ್‌ಎಕ್ಸ್ ಕೆಲಸದಲ್ಲಿದ್ದೇನೆ. ಶುರು ಮಾಡಿದ್ದು ರೋಟೋದಲ್ಲಿ. ರೋಟೋ ಅಂದರೆ ಸಿನಿಮಾದ ಒಂದೊಂದೇ ಫ್ರೇಮಿನಲ್ಲಿ ಮನುಷ್ಯನ ಸುತ್ತ ಗೆರೆ ಕೊರೆದು ಹಿನ್ನೆಲೆಯಿಂದ ಬಿಡಿಸುವುದು. ಒಂದು ಸೆಕೆಂಡಿಗೆ 24 ಫ್ರೇಮು. ಗಾಳಿಗೆ ಹಾರುವ ಕೂದಲು ಬಂತು ಅಂದರೆ ಆ ದಿನ ಮುಗೀತು. ಮೊದಲ ಸಂಬಳ ಹದಿನಾಲ್ಕು ಸಾವಿರ. ಪಿಜಿಗೆ ಏಳು ಸಾವಿರ. ಮನೆಯಲ್ಲಿ ‘ಸಿನಿಮಾದಲ್ಲಿದ್ದಾನೆ’ ಅಂತ ಹೇಳಿಕೊಂಡು ಓಡಾಡುತ್ತಿದ್ದರು.

ಕೆಲಸ ಗ್ಯಾರಂಟಿ ಅನ್ನುವವರು ಈ ಕೆಲಸವನ್ನೇ ಲೆಕ್ಕಕ್ಕೆ ಹಿಡಿಯುವುದು. ಇದು ಕೆಟ್ಟದ್ದಲ್ಲ, ನಾನು ಇಲ್ಲಿಂದಲೇ ಕಾಂಪೋಸಿಟಿಂಗ್‌ಗೆ, ಅಂದರೆ ಬೇರೆ ಬೇರೆ ದೃಶ್ಯ ಸೇರಿಸಿ ಒಂದು ಮಾಡುವ ಕೆಲಸಕ್ಕೆ ಹೋದೆ. ಆದರೆ ಇದಕ್ಕೆ ನಾಲ್ಕೂವರೆ ಲಕ್ಷ ಬೇಕಾಗಿಲ್ಲ. ಈಗ ಎಐ ಬಂದು ರೋಟೋದ ದೊಡ್ಡ ಪಾಲು ತಾನೇ ಮಾಡುತ್ತಿದೆ. 2023ರಲ್ಲಿ ಹಾಲಿವುಡ್ ಬರಹಗಾರರು, ನಟರು ಮುಷ್ಕರ ಹೂಡಿದಾಗ ಇಲ್ಲಿ ನಮಗೆ ತಿಂಗಳುಗಟ್ಟಲೆ ಅಲ್ಲಿಂದ ಬರುವ ಕೆಲಸ ಇರಲಿಲ್ಲ. ಅಲ್ಲಿ ಮಳೆ ಬಂದರೆ ಇಲ್ಲಿ ಕೊಡೆ. ತಮ್ಮನಿಗೆ ಇದನ್ನೂ ಹೇಳಿ.

ಕಾಲೇಜಿಗೆ ಹೋದಾಗ ಆಫೀಸಿನಲ್ಲಿ ಕೂರಬೇಡಿ. ಲ್ಯಾಬಿಗೆ ಹೋಗಿ. ಹುಡುಗರು ಕಂಪ್ಯೂಟರ್ ಮುಂದೆ ಇದ್ದಾರಾ, ಇಲ್ಲ ಪ್ಲಾಸ್ಟಿಕ್ ಕವರ್ ಹೊದ್ದ ಮಾನಿಟರ್ ಇವೆಯಾ? ಕೊನೆ ವರ್ಷದವರ ಶೋರೀಲ್, ಅಂದರೆ ಅವರು ಮಾಡಿದ ಕೆಲಸದ ವಿಡಿಯೋ ತೋರಿಸಿ ಅನ್ನಿ. ಒಂದೆರಡು ನಿಮಿಷದ್ದು ಇರುತ್ತೆ ಅಷ್ಟೇ. ಕೇಳಿದ ಕೂಡಲೇ ತೋರಿಸಿದರೆ ಅರ್ಧ ನಂಬಬಹುದು. ‘ನಾಳೆ ಮೇಲ್ ಮಾಡ್ತೀವಿ’ ಅಂದರೆ ಬಸ್ ಹತ್ತಿ. ಕಲಿಸುವವರು ಯಾವ ಸ್ಟುಡಿಯೋದಲ್ಲಿ ಎಷ್ಟು ವರ್ಷ ಇದ್ದರು ಅಂತಲೂ ಕೇಳಿ. ಹೋದ ವರ್ಷ ಅಲ್ಲೇ ಪಾಸಾದ ಹುಡುಗ ಈ ವರ್ಷ ಅಲ್ಲೇ ಮೇಷ್ಟ್ರು ಆಗಿದ್ದರೆ ಯೋಚನೆ ಮಾಡಿ. ಊಟದ ಹೊತ್ತಿಗೆ ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ ನಿಂತರೆ ಇನ್ನೂ ಜಾಸ್ತಿ ತಿಳಿಯುತ್ತೆ.

ಸುಮ್ನೆ ಓದುಗ

ಇಷ್ಟೆಲ್ಲ ಯಾಕೆ? ಚಿತ್ರ, ಆನಿಮೇಷನ್ ಮಾಡುವ ಸಾಫ್ಟ್‌ವೇರ್‌ಗಳಲ್ಲಿ ಬ್ಲೆಂಡರ್ ಪುಕ್ಕಟೆ, ಕ್ರಿಟಾ ಪುಕ್ಕಟೆ, ಇಂಕ್‌ಸ್ಕೇಪ್ ಪುಕ್ಕಟೆ. ಯೂಟ್ಯೂಬ್‌ನಲ್ಲಿ ಇಲ್ಲದ ಪಾಠ ಇಲ್ಲ. 2025ರಲ್ಲಿ ಆನಿಮೇಷನ್ ಚಿತ್ರಕ್ಕೆ ಆಸ್ಕರ್ ಗೆದ್ದ ಲಾಟ್ವಿಯಾ ದೇಶದ ಸಿನಿಮಾ ಬ್ಲೆಂಡರ್‌ನಲ್ಲೇ ಮಾಡಿದ್ದು. ನಾಲ್ಕು ಲಕ್ಷದಲ್ಲಿ ಒಳ್ಳೆ ಕಂಪ್ಯೂಟರ್, ಪೆನ್ ಟ್ಯಾಬ್ಲೆಟ್ ತೆಗೆದುಕೊಟ್ಟು ಮನೆಯಲ್ಲಿ ಕೂರಿಸಿ. ದುಡ್ಡೂ ಉಳಿಯುತ್ತೆ.

ಸಿಂಧನೂರು ರೋಟೋ

ತಪ್ಪಿಲ್ಲ. ನನ್ನ ಟೀಮಿನಲ್ಲೇ ಹಾಗೆ ಕಲಿತ ಇಬ್ಬರಿದ್ದಾರೆ. ಆದರೆ ಮನೆಯಲ್ಲಿ ಕೂತು ಕಲಿಯಲು ಹೋಗಿ ಗೇಮ್ ಆಡಿದವರು ಇನ್ನೂರು ಜನ ಗೊತ್ತು. ನಾನೂ ಅದರಲ್ಲಿ ಒಬ್ಬ, ಒಂದು ವರ್ಷ. ಪಕ್ಕದಲ್ಲಿ ಕೂತವನು ನಮಗಿಂತ ಚೆನ್ನಾಗಿ ಮಾಡುತ್ತಿದ್ದಾನೆ ಅನ್ನುವ ಹೊಟ್ಟೆಕಿಚ್ಚು ಇದೆಯಲ್ಲ, ಅದು ಯೂಟ್ಯೂಬ್‌ನಲ್ಲಿ ಸಿಗಲ್ಲ.

ಮಾನ್ವಿ ಅಕ್ಕ

ಹುಡುಗರನ್ನು ಮನೆಯಲ್ಲಿ ಕೂರಿಸಿ ಅಂತ ಸಲೀಸಾಗಿ ಹೇಳಿದ್ರಿ. ಮಗಳು ಮನೆಯಲ್ಲಿ ಕೂತರೆ ಮೊದಲು ಬರುವುದು ವರ ಹುಡುಕುವವರು. ನಮ್ಮಂಥವರಿಗೆ ಕಾಲೇಜು ಅನ್ನೋದು ಓದಿಗಷ್ಟೇ ಅಲ್ಲ ರೀ.

ಕೊಪ್ಪಳ ಡ್ರಾಯಿಂಗ್ ಮೇಷ್ಟ್ರು

ನೀವು ಹೇಳಿದ್ದು ಸರಿಯಮ್ಮಾ.

ಸಾಫ್ಟ್‌ವೇರ್ ಬಗ್ಗೆ ಎಲ್ಲರೂ ಹೇಳುತ್ತಿದ್ದೀರಿ. ಅದು ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ. ನಾನು ಕೈ ಬಗ್ಗೆ ಹೇಳುತ್ತೇನೆ. ನಮ್ಮ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ಮೇಲೆ. ಜೀವನಪೂರ್ತಿ ತೊಗಲು ಗೊಂಬೆ ಆಡಿಸಿದವರು. ಆ ಗೊಂಬೆ ಹತ್ತಿರದಿಂದ ನೋಡಿದ್ದೀರಾ? ಹೆಗಲಿಗೊಂದು ಕೀಲು, ಮೊಣಕೈಗೊಂದು ಕೀಲು. ಕೀಲು ಒಂದು ಬೆರಳು ಆಚೆ ಈಚೆ ಆದರೆ ಹನುಮಪ್ಪ ಗದೆ ಎತ್ತುವ ಬದಲು ಬೆನ್ನು ಕೆರೆದುಕೊಂಡ ಹಾಗೆ ಕಾಣುತ್ತದೆ. ಹಿಂದೆ ದೀಪ, ಮುಂದೆ ಪರದೆ, ಜೊತೆಗೆ ಹಾಡು, ಮಾತು. ಆನಿಮೇಷನ್ ಅಂತ ನೀವು ಕಲಿಯಲು ಬೆಂಗಳೂರಿಗೆ ಓಡುವುದರ ಅಜ್ಜಿ ಇಲ್ಲೇ ಇದ್ದಾಳೆ.

ಪ್ರವೇಶಕ್ಕೆ ತೋರಿಸಲು ತಮ್ಮ ಚಿತ್ರಗಳ ಪೋರ್ಟ್‌ಫೋಲಿಯೋ ಮಾಡುವ ಹುಡುಗರು ನೆಟ್ಟಿನಿಂದ ಜಪಾನಿನ ಗೊಂಬೆ ಮುಖಗಳನ್ನೇ ಇಳಿಸುತ್ತಾರೆ. ಅಂಥ ನೂರು ಮುಖ ನೋಡಿ ಪರೀಕ್ಷಕರಿಗೂ ಬೇಜಾರಾಗಿರುತ್ತದೆ. ಕಿನ್ನಾಳಕ್ಕೆ ಹೋಗಿ ಚಿತ್ರಗಾರರು ಗೊಂಬೆಗೆ ಬಣ್ಣ ಹಚ್ಚುವುದನ್ನು ಕೂತು ಬರೆಯಿರಿ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ಕತ್ತು ಮೇಲೆತ್ತಿ ಚಾವಣಿಯ ಚಿತ್ರ ನೋಡಿ. ಬಂಡೆ ಮೇಲೆ ಹಳೆಯ ಚಿತ್ರಗಳಿರುವ ಹಿರೇಬೆಣಕಲ್ ಬೆಟ್ಟ ಹತ್ತಿ. ಎಲ್ಲಾ ಒಂದೇ ದಿನದ ಹಾದಿ.

ಸಿಂಧನೂರು ರೋಟೋ

ಮೇಷ್ಟ್ರೇ, ನಮ್ಮ ಆಫೀಸಿನಲ್ಲಿ ಆ ಕೀಲು ಕೂರಿಸುವ ಕೆಲಸಕ್ಕೆ ರಿಗ್ಗಿಂಗ್ ಅಂತಾರೆ. ಅದಕ್ಕೇ ಬೇರೆ ಸಂಬಳ, ಬೇರೆ ಕುರ್ಚಿ. ಬೆನ್ನು ಕೆರೆದುಕೊಳ್ಳುವ ಹನುಮಪ್ಪ ಅಲ್ಲೂ ದಿನಾ ಬರುತ್ತಾನೆ.

ರಾಯಚೂರು ಬಿಸಿಲು

ಒಂದು ಸಲಹೆ. ತಮ್ಮನಿಗೆ 371ಜೆ ಪ್ರಮಾಣಪತ್ರ (ಸಂವಿಧಾನದ ಆ ವಿಧಿಯಡಿ ನಮ್ಮ ಭಾಗದವರಿಗೆ ಸಿಗುವ ಮೀಸಲಾತಿಯದ್ದು) ಮಾಡಿಸಿದ್ದೀರಾ? ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಸ್ಥಳೀಯರಿಗೆ. ಮ್ಯಾನೇಜ್‌ಮೆಂಟ್ ಸೀಟಿಗೆ ಇದು ನಡೆಯುವುದಿಲ್ಲ. ಪ್ರಮಾಣಪತ್ರ ಎಸಿ (ಉಪವಿಭಾಗಾಧಿಕಾರಿ) ಆಫೀಸಿನಿಂದ ಬರಬೇಕು, ಮೊದಲೇ ಅರ್ಜಿ ಹಾಕಿ. ಅಡ್ಮಿಷನ್ ವಾರದಲ್ಲಿ ಹೋದರೆ ಅಲ್ಲಿ ಜಾತ್ರೆ.

ಸಾಲ ಬೇಕಾದರೆ ವಿದ್ಯಾಲಕ್ಷ್ಮಿ ಪೋರ್ಟಲ್ ನೋಡಿ. ಆದರೆ ಬ್ಯಾಂಕಿನವರು ಮೊದಲು ಕೇಳುವುದು ಮಾನ್ಯತೆ ಇರುವ ಕೋರ್ಸಾ ಅಂತ. ಹಾಗಾಗಿ ಬ್ಯಾಂಕ್ ಮ್ಯಾನೇಜರ್ ಆಗಲ್ಲ ಅಂತ ತಲೆ ಅಲ್ಲಾಡಿಸಿದರೆ ಅದೂ ಒಂದು ತಪಾಸಣೆ ಅಂದುಕೊಳ್ಳಿ. ತಮ್ಮ ಯುವನಿಧಿ ತೆಗೆದುಕೊಳ್ಳುತ್ತಿದ್ದರೆ ಮುಂದೆ ಓದಲು ಸೇರಿದ ಮೇಲೆ ಅದು ಸಿಗುವುದಿಲ್ಲ, ಅದೂ ಗೊತ್ತಿರಲಿ.

ಗಂಗಾವತಿ ಪೆನ್ಸಿಲ್

ಎಲ್ಲಾ ಸರಿ. ಆ ತಮ್ಮನಿಗೆ ಏನು ಬೇಕಂತೆ? ಗೇಮಾ, ಸಿನಿಮಾನಾ, ಕಾರ್ಟೂನಾ, ಜಾಹೀರಾತಾ? ‘ಡಿಜಿಟಲ್ ಆರ್ಟ್ಸ್’ ಅಂದರೆ ಕಿರಾಣಿ ಅಂಗಡಿ ಅಂದ ಹಾಗೆ.

ಬಳ್ಳಾರಿ ಫ್ಲೆಕ್ಸ್ ಅಂಗಡಿ

ನಿಜ ಹೇಳಬೇಕು ಅಂದರೆ ಕೇಳಿರಲಿಲ್ಲ. ಇವತ್ತು ರಾತ್ರಿ ಅಂಗಡಿ ಮುಚ್ಚುವಾಗ ಕೇಳಿದೆ.

ಆನಿಮೇಷನ್ ಬೇಡ ಅಂದ. ಸಿನಿಮಾ ಬೇಡ ಅಂದ. ಮೊಬೈಲ್ ತೆಗೆದು ಒಂದು ಫೋಲ್ಡರ್ ತೋರಿಸಿದ. ಅದರಲ್ಲಿ ನಮ್ಮ ಅಪ್ಪ ಬರೆದ ಬೋರ್ಡುಗಳು. ಹಿಟ್ಟಿನ ಗಿರಣಿ, ಸೈಕಲ್ ಶಾಪ್, ಗೊಬ್ಬರದ ಅಂಗಡಿ. ಕೌಲ್ ಬಜಾರ್ ಗಲ್ಲಿಗಳಲ್ಲಿ, ಸಿರುಗುಪ್ಪದಲ್ಲಿ, ಕಂಪ್ಲಿಯಲ್ಲಿ ಉಳಿದದ್ದನ್ನೆಲ್ಲ ಎರಡು ವರ್ಷದಿಂದ ಫೋಟೋ ತೆಗೆಯುತ್ತಿದ್ದಾನೆ. ನನಗೆ ಗೊತ್ತೇ ಇರಲಿಲ್ಲ. ಕೋರಲ್‌ನಲ್ಲಿ ಊಟ ಬಿಟ್ಟು ಮಾಡುತ್ತಿದ್ದದ್ದು ಇದೇ ಅಂತೆ. ಆ ಅಕ್ಷರಗಳ ಮೇಲೆ ಗೆರೆ ಎಳೆದು ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ ಮಾಡಿಟ್ಟಿದ್ದಾನೆ. ಅಪ್ಪನ ಅಕ್ಷರದ್ದು ಒಂದು ಫಾಂಟ್ ಮಾಡಬೇಕಂತೆ.

ನಾವು ಫ್ಲೆಕ್ಸಿನವರು ಇಷ್ಟು ವರ್ಷ ನುಡಿ ಸಾಫ್ಟ್‌ವೇರಿನ ಅದೇ ಆರೇಳು ಫಾಂಟಿನಲ್ಲಿ ಮದುವೆ, ತಿಥಿ, ಹುಟ್ಟುಹಬ್ಬ ಎಲ್ಲಾ ಮುಗಿಸಿದ್ದೇವೆ. ಗಿರಾಕಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದನ್ನು ಅಂಟಿಸಿದರೆ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ. ಮತ್ತೆ ಟೈಪ್ ಮಾಡುತ್ತೇವೆ. ಫಾಂಟ್ ಮಾಡುವುದು ಒಂದು ಓದು ಅಂತ ಯಾರಿಗೆ ಗೊತ್ತು? ಇದಕ್ಕೆ ಕಾಲೇಜು ಇದೆಯಾ?

ಕೊಪ್ಪಳ ಡ್ರಾಯಿಂಗ್ ಮೇಷ್ಟ್ರು

ಇದೆ ತಮ್ಮಾ, ಇದೆ! ಇದನ್ನು ಮೊದಲೇ ಹೇಳಬಾರದಾ?

ವಿಂಡೋಸ್ ಕಂಪ್ಯೂಟರಿನಲ್ಲಿ ತುಂಗಾ ಅಂತ ಕನ್ನಡ ಫಾಂಟ್ ಬರುತ್ತದಲ್ಲ, ಅದನ್ನು ರೂಪಿಸಿದವರು ಆರ್.ಕೆ. ಜೋಶಿ. ಗಂಗಾವತಿ ಹುಡುಗ ಹೇಳಿದ ಐಡಿಸಿಯಲ್ಲೇ ಕಲಿಸುತ್ತಿದ್ದವರು. 2008ರಲ್ಲಿ ತೀರಿಕೊಂಡರು. ಅಕ್ಷರ ವಿನ್ಯಾಸದ ಕೆಲಸ ಅಲ್ಲಿ ಹಳೆಯದು.

ಆದರೆ ಅಲ್ಲಿಗೆ ನೇರ ದಾರಿ ಇಲ್ಲ ಅಂತ ರಾಯಚೂರಿನವರು ಹೇಳಿದರಲ್ಲ. ನನ್ನ ಕೇಳಿದರೆ ಎರಡು ವರ್ಷದ ಆಸೆ ಬಿಡು. ಬಿವಿಎ ಅಪ್ಲೈಡ್ ಆರ್ಟ್ ಸೇರಿಸು. ನಾಲ್ಕು ವರ್ಷ. ಮೊದಲ ವರ್ಷ ಎಲ್ಲರಿಗೂ ಒಂದೇ ಬುನಾದಿ, ಆಮೇಲೆ ವಿಭಾಗ. ಅಕ್ಷರ ಬರೆಯುವುದು, ಪೋಸ್ಟರ್, ಮುದ್ರಣ ಎಲ್ಲಾ ಅಪ್ಲೈಡ್ ಆರ್ಟ್‌ನಲ್ಲೇ ಬರುತ್ತವೆ. ಪಿಯುಸಿ ಇದ್ದರೆ ಸಾಕು. ನಿಮಗೆ ಹತ್ತಿರ ಅಂದರೆ ದಾವಣಗೆರೆ, ಅಲ್ಲಿನ ವಿಶ್ವವಿದ್ಯಾಲಯದ್ದೇ ದೃಶ್ಯಕಲಾ ಮಹಾವಿದ್ಯಾಲಯ. ಕಲಬುರಗಿಯಲ್ಲಿ ಎಂಎಂಕೆ ದೃಶ್ಯಕಲಾ ಕಾಲೇಜಿದೆ, ಅದು 371ಜೆ ಒಳಗೆ ಬರುವ ಜಿಲ್ಲೆ. ಮೈಸೂರಿನಲ್ಲಿ ಕಾವಾ ಅನ್ನುವ ದೃಶ್ಯಕಲಾ ಕಾಲೇಜಿದೆ. ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬಳ್ಳಾರಿಯಿಂದ ನೇರ ಮೈಸೂರಿನಲ್ಲೇ ಇಳಿಯಬಹುದು. ಮೂರನ್ನೂ ನೋಡಿ ಬನ್ನಿ. ರಾಜ್ಯದ ಆನಿಮೇಷನ್ ನೀತಿ 2012ರಲ್ಲಿ ಬಂದಾಗ ಚಿತ್ರಕಲಾ ಕಾಲೇಜುಗಳಲ್ಲಿ ಡಿಜಿಟಲ್ ಕಲಾ ಕೇಂದ್ರ ಮಾಡುವ ಮಾತಿತ್ತು. ನೀವು ಹೋದ ಕಾಲೇಜಿನಲ್ಲಿ ಅದು ಇದೆಯಾ, ಇದ್ದರೆ ಬೀಗ ಹಾಕಿದ್ದಾರಾ, ತೆಗೆದಿದ್ದಾರಾ ಅಂತ ಕಣ್ಣಾರೆ ನೋಡಿ.

ಸುಮ್ನೆ ಓದುಗ

ಹುಡುಗನಿಗೆ ಈಗಲೇ ಇಪ್ಪತ್ತೊಂದು. ನಾಲ್ಕು ವರ್ಷ ಕಳೆದರೆ ಇಪ್ಪತ್ತೈದು. ಆಮೇಲೆ ಫಾಂಟ್ ಮಾಡಿ ಹೊಟ್ಟೆ ತುಂಬುತ್ತಾ?

ಬಳ್ಳಾರಿ ಫ್ಲೆಕ್ಸ್ ಅಂಗಡಿ

ನೀವು ಕೇಳಿದ್ದನ್ನೇ ನಮ್ಮ ಅವ್ವನೂ ಕೇಳಿದಳು. ಉತ್ತರ ನನ್ನ ಹತ್ತಿರ ಇಲ್ಲ.

ಹೋದ ವಾರ ಇಬ್ಬರೂ ಎರಡು ಕಾಲೇಜು ನೋಡಿ ಬಂದೆವು. ಒಂದು ಖಾಸಗಿ. ಎಸಿ, ಗಾಜಿನ ಬಾಗಿಲು, ಕಾಫಿ ಕೊಟ್ಟರು. ವಿದ್ಯಾರ್ಥಿಗಳ ಕೆಲಸ ತೋರಿಸಿ ಅಂದರೆ ಟಿವಿಯಲ್ಲಿ ಹಾಲಿವುಡ್ ಸಿನಿಮಾ ತುಣುಕು ಹಾಕಿದರು. ಇನ್ನೊಂದು ಸರ್ಕಾರದ್ದು. ಫ್ಯಾನ್ ಗರಗರ ಅನ್ನುತ್ತಿತ್ತು. ಕಂಪ್ಯೂಟರ್ ಹಳೆಯವು, ನನ್ನ ಅಂಗಡಿಯದ್ದೇ ಮೇಲು. ಆದರೆ ಗೋಡೆ ತುಂಬಾ ಹುಡುಗರ ಕೆಲಸ. ಕಾರಿಡಾರಿನಲ್ಲಿ ಒಬ್ಬ ಹುಡುಗಿ ನೆಲದ ಮೇಲೆ ಕೂತು ದೊಡ್ಡ ಹಾಳೆಯಲ್ಲಿ ‘ಳ’ ಅಕ್ಷರ ಒಂದನ್ನೇ ಮೂವತ್ತು ನಲವತ್ತು ತರ ಬರೆಯುತ್ತಿದ್ದಳು. ತಮ್ಮ ಅಲ್ಲೇ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ನಾನು ಎರಡು ಸಲ ಕರೆದೆ, ಬಸ್ಸಿನ ಹೊತ್ತಾಯಿತು ಅಂತ. ಕೇಳಿಸಲೇ ಇಲ್ಲ.

ಎರಡನೆಯದಕ್ಕೆ ಅರ್ಜಿ ಹಾಕುತ್ತಿದ್ದೇವೆ. ಪ್ರವೇಶಕ್ಕೆ ಚಿತ್ರ ಬರೆಸಿ ನೋಡುತ್ತಾರಂತೆ. ಉಳಿದ ದುಡ್ಡಿನಲ್ಲಿ 16 ಜಿಬಿ ರ್‍ಯಾಮ್ ಇರುವ ಒಂದು ಲ್ಯಾಪ್‌ಟಾಪ್ ತೆಗೆದುಕೊಡುತ್ತೇನೆ. ಶನಿವಾರ ಭಾನುವಾರ ಅಂಗಡಿ ಡಿಸೈನ್ ಅಲ್ಲಿಂದಲೇ ಮಾಡಿ ಕಳಿಸುತ್ತೇನೆ ಅಂದಿದ್ದಾನೆ. ನಾಳೆ ಎಸಿ ಆಫೀಸಿಗೆ ಹೋಗಬೇಕು.

ತಮ್ಮ ಒಂದು ಮಾತು ಕೇಳಲು ಹೇಳಿದ್ದಾನೆ. ನಿಮ್ಮ ಊರಲ್ಲಿ ಬ್ರಷ್‌ನಲ್ಲಿ ಬರೆದ ಹಳೆ ಬೋರ್ಡ್ ಎಲ್ಲಾದರೂ ಉಳಿದಿದ್ದರೆ ನೇರ ಎದುರಿಗೆ ನಿಂತು ಒಂದು ಫೋಟೋ ತೆಗೆದು ಇಲ್ಲಿ ಹಾಕಿ. ಓರೆಯಾಗಿ ತೆಗೆದರೆ ಅಕ್ಷರದ ಅಳತೆ ಸಿಗಲ್ಲವಂತೆ.

ಮಾನ್ವಿ ಅಕ್ಕ

ನಮ್ಮ ಬೀದಿ ಕೊನೆಗೆ ಒಂದು ರೇಡಿಯೋ ರಿಪೇರಿ ಅಂಗಡಿ ಬೋರ್ಡ್ ಇದೆ. ಅಂಗಡಿ ಮುಚ್ಚಿ ಹತ್ತು ವರ್ಷ ಆಯಿತು. ‘ರಿ’ ಮೇಲಿನ ಗುಡಿಸು ಮಾತ್ರ ಮಾಸಿದೆ. ಮಗಳನ್ನು ಈಗಲೇ ಕಳಿಸುತ್ತೇನೆ, ಬೆಳಕಿದೆ.